ಮನೆಬಸ್ಸಿನ ಗಾಳಿ

ಅಮೆರಿಕೆಗೆ ಹೋಗಿಬಂದವರನ್ನು ಕಂಡ ಕೂಡಲೇ ನಮ್ಮ ಕಡೆಯ ಜನ ಕೇಳುವ ಪ್ರಶ್ನೆಗಳು ಎರಡು. ನಯಾಗರ ನೋಡಿದಿರಾ? ಊಟಕ್ಕೆ ಏನು ಮಾಡಿಕೊಂಡಿರಿ? 2023ರ ಫೆಬ್ರವರಿಯಿಂದ ಮೇ ತಿಂಗಳವರೆಗೆ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಮಗನ ಮನೆಯಲ್ಲಿದ್ದು ಬಂದ ನನ್ನನ್ನೂ ಎಲ್ಲರೂ ಇದನ್ನೇ ಕೇಳಿದರು. ನಯಾಗರ ಅಲ್ಲಿಂದ ಬಹುದೂರ, ನೋಡಲಿಲ್ಲ. ಗ್ರ್ಯಾಂಡ್ ಕ್ಯಾನಿಯನ್ ನೋಡಿದೆವು. ಅದರ ವರ್ಣನೆ ಮಾಡಿದವರು ಕನ್ನಡದಲ್ಲಿಯೇ ಬೇಕಾದಷ್ಟು ಮಂದಿ ಇದ್ದಾರೆ. ನಾನು ಇಲ್ಲಿ ಬರೆಯಹೊರಟಿರುವುದು, ಆ ಪ್ರವಾಸಕ್ಕೆ ಹೊರಡುವ ಮುನ್ನ ಒಂದು ವಾಹನದ ಸುತ್ತ ಸೋಪಿನ ನೀರು ಸಿಂಪಡಿಸುತ್ತ ನಾವು ಕಳೆದ ಎರಡು ವಾರಗಳ ವಿಚಾರವನ್ನು. ಇದರಲ್ಲೇನು ಸ್ವಾರಸ್ಯ ಎಂದು ಓದುಗ ಮಿತ್ರರಿಗೆ ಅನ್ನಿಸಬಹುದು. ನನಗೆ ಮಾತ್ರ ಆ ಪ್ರವಾಸದಲ್ಲಿ ಮರೆಯಲಾಗದೆ ಉಳಿದದ್ದು ಇದೇ.

ಆ ವಾಹನವನ್ನು ಅಲ್ಲಿ ಮೋಟರ್‌ಹೋಮ್ ಎನ್ನುತ್ತಾರೆ. ನನ್ನಾಕೆ ಅದಕ್ಕೆ ಮೊದಲ ದಿನವೇ ಮನೆಬಸ್ಸು ಎಂದು ಹೆಸರಿಟ್ಟಳು. ಹೆಸರು ಸರಿಯಾಗಿಯೇ ಇತ್ತು. 38 ಅಡಿ ಉದ್ದದ ಬಸ್ಸು. ಒಳಗೆ ಮಂಚ, ಅಡುಗೆಕಟ್ಟೆ, ಬಚ್ಚಲು, ಊಟದ ಮೇಜು. ಎಂಜಿನ್ ಹಿಂಭಾಗದಲ್ಲಿ. 2004ರ ತಯಾರಿಕೆ. ಮಗ ಅದನ್ನು ಹಿಂದಿನ ವರ್ಷ ಹಳೆಯ ಮಾಲಾಗಿ ಕೊಂಡಿದ್ದ. ಮನೆಯ ಮುಂದೆ ಇಂಥ ವಾಹನ ನಿಲ್ಲಿಸಬಾರದೆಂದು ಅವರ ಬಡಾವಣೆಯ ಸಂಘದ ನಿಯಮವಿದ್ದುದರಿಂದ, ಊರ ಹೊರಗೆ ತಿಂಗಳ ಬಾಡಿಗೆಯ ಒಂದು ಬಯಲಿನಲ್ಲಿ ಅದನ್ನು ಇಟ್ಟಿದ್ದರು. ಸಾಮಾನು ತುಂಬಿದಾಗ ಅದರ ತೂಕ ಸುಮಾರು 13 ಟನ್. ಸ್ವಂತ ಬಳಕೆಯ ಇಂಥ ವಾಹನವನ್ನು ಓಡಿಸಲು ಆ ರಾಜ್ಯದಲ್ಲಿ ಲಾರಿ ಚಾಲಕರ ಪರವಾನಗಿ ಬೇಕಿಲ್ಲ. ಕಾರಿನ ಪರವಾನಗಿಯೇ ಸಾಕು! ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಮಾಡುವ ನನ್ನ ಮಗ 13 ಟನ್ನಿನ ವಾಹನದಲ್ಲಿ ಹೆಂಡತಿ, ಮಗಳು, ತಂದೆತಾಯಿಗಳನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತಾನೆ ಎಂಬುದೇ ನನಗೆ ಒಳಗೊಳಗೆ ಅಂಜಿಕೆಯ ವಿಷಯವಾಗಿತ್ತು. ಹೇಳಲಿಲ್ಲ.

ನಾವು ಮೊದಲ ಸಲ ಅದನ್ನು ನೋಡಹೋದ ಬೆಳಿಗ್ಗೆ ಮನೆಬಸ್ಸು ಹಿಂದಿನ ಎಡ ಮೂಲೆಯಲ್ಲಿ ಕುಸಿದು, ಕಾಲು ನೋಯುವ ಎಮ್ಮೆಯಂತೆ ನಿಂತಿತ್ತು. ಮಗ ಒಳಗೆ ಹೋಗಿ ಚಾಲೂ ಮಾಡಿದ. ಕಿವಿ ಕೊರೆಯುವಂತೆ ಒಂದು ಗಂಟೆ ಹೊಡೆದುಕೊಳ್ಳತೊಡಗಿತು. ಎದುರಿನ ಫಲಕದಲ್ಲಿ ಗಾಳಿಯ ಒತ್ತಡ ತೋರಿಸುವ ಎರಡು ಮುಳ್ಳುಗಳು ನಿಧಾನವಾಗಿ ಮೇಲೇರಿದವು. 60 ದಾಟಿದ ಮೇಲೆ ಗಂಟೆ ನಿಂತಿತು. 125ರ ಹತ್ತಿರ ಬಂದಾಗ ಕೆಳಗಿನಿಂದ 'ಪುಸ್ಸ್' ಎಂದು ದೊಡ್ಡದಾಗಿ ಗಾಳಿ ಬಿಟ್ಟ ಸದ್ದು. "ಅಗೋ, ಅಲ್ಲೇ ಸೋರುತ್ತಿದೆ" ಎಂದೆ ನಾನು, ಕಂಡುಹಿಡಿದ ಸಂತೋಷದಲ್ಲಿ. ಮಗ ನಕ್ಕ. ಒತ್ತಡ ಸಾಕಷ್ಟಾದಾಗ ಗವರ್ನರ್ ಎಂಬ ಸಣ್ಣ ಉಪಕರಣ ಕಂಪ್ರೆಸರಿಗೆ ವಿಶ್ರಾಂತಿ ಕೊಡುತ್ತದೆ. ಆಗ ಏರ್ ಡ್ರೈಯರ್ ತನ್ನಲ್ಲಿ ಸೇರಿದ ನೀರಿನ ಪಸೆಯನ್ನು ಹೀಗೆ ಉಗಿದು ಹೊರಹಾಕುತ್ತದೆ. ಅದು ರೋಗವಲ್ಲ, ಆರೋಗ್ಯದ ಲಕ್ಷಣ. ನಮ್ಮ ಮೂಡಿಗೆರೆ ಸೀಮೆಯ ಬಸ್ಸುಗಳು ಕೊಟ್ಟಿಗೆಹಾರದಲ್ಲಿ ನಿಂತಾಗ ಬಿಡುತ್ತಿದ್ದ ನಿಟ್ಟುಸಿರೂ ಅದೇ ಬಗೆಯದೆಂದು ನನಗೆ ಹೊಳೆದದ್ದು ಆಗಲೇ.

ಈ ಪ್ರಕರಣದಲ್ಲಿ ಮೋಸಹೋದವನು ನಾನೊಬ್ಬನೇ ಅಲ್ಲ. ಮಗ ಅದಕ್ಕೂ ಮೊದಲು ಒಂದು ವರ್ಕ್‌ಶಾಪಿಗೆ ತೋರಿಸಿದ್ದ. ಹೆಸರು ಬೇಡ. ಅವರು ಒಂದು ದಿನ ಇಟ್ಟುಕೊಂಡು, ಏರ್ ಡ್ರೈಯರ್ ಕೆಟ್ಟಿದೆ ಎಂದು ಹೊಸದು ಹಾಕಿ, 600 ಡಾಲರಿಗೂ ಮೇಲೆ ವಸೂಲು ಮಾಡಿದ್ದರು. ಮರುದಿನ ಬೆಳಿಗ್ಗೆ ಬಸ್ಸು ಅದೇ ಮೂಲೆಯಲ್ಲಿ ಕುಸಿದಿತ್ತು.

ಗಾಳಿಗೆ ಅಲ್ಲಿ ಏನು ಕೆಲಸ ಎಂದು ಕೇಳುವವರಿಗಾಗಿ ಎರಡು ಮಾತು. (ಮೇಷ್ಟರ ಚಟ, ಕ್ಷಮಿಸಬೇಕು.) ಒಂದು, ಬ್ರೇಕು. ಕಾರಿನಲ್ಲಿ ಎಣ್ಣೆ ಮಾಡುವ ಕೆಲಸವನ್ನು ದೊಡ್ಡ ವಾಹನಗಳಲ್ಲಿ ಒತ್ತಿದ ಗಾಳಿ ಮಾಡುತ್ತದೆ. ಪ್ರತಿ ಚಕ್ರದ ಬಳಿ ತಟ್ಟೆಯಗಲದ ಒಂದು ಚೇಂಬರ್, ಅದರೊಳಗೆ ಡಯಾಫ್ರಾಮ್ ಎಂಬ ರಬ್ಬರಿನ ಪೊರೆ. ಪೊರೆಯ ವಿಸ್ತೀರ್ಣ 30 ಚದರ ಅಂಗುಲ, ಒತ್ತಡ ಚದರ ಅಂಗುಲಕ್ಕೆ 100 ಪೌಂಡ್ ಎಂದಾದರೆ ತಳ್ಳುವ ಬಲ 3000 ಪೌಂಡ್, ಅಂದರೆ 1360 ಕಿಲೋಗ್ರಾಂನಷ್ಟು. ಎರಡನೆಯದು, ಸವಾರಿ ಸುಖ. ಕಬ್ಬಿಣದ ಪಟ್ಟಿಗಳ ಬದಲು ಏರ್ ಬ್ಯಾಗುಗಳ ಮೇಲೆ ಇಡೀ ಬಸ್ಸು ಕುಳಿತಿರುತ್ತದೆ. ಎತ್ತರ ತಗ್ಗಿದರೆ ಗಾಳಿ ತುಂಬುವ, ಹೆಚ್ಚಿದರೆ ಬಿಡುವ ವಾಲ್ವುಗಳು ಪಕ್ಕದಲ್ಲೇ ಇರುತ್ತವೆ. ಎರಡಕ್ಕೂ ಕಂಪ್ರೆಸರ್ ಒಂದೇ. ಆದರೆ ಬ್ರೇಕಿಗೆ ಬೇಕಾದಷ್ಟು ಒತ್ತಡ ಉಳಿದಿದ್ದರೆ ಮಾತ್ರ ಬ್ಯಾಗುಗಳಿಗೆ ಗಾಳಿ ಬಿಡುವ ಕಾವಲು ವಾಲ್ವು ಒಂದು ನಡುವೆ ಇರುತ್ತದೆ. ಕುಸಿದ ಮೂಲೆಯಿಂದ ಅವಮಾನವಾಗಬಹುದು, ಅಪಾಯ ಕಡಿಮೆ.

ಇದನ್ನೆಲ್ಲ ನನಗೆ ಹೇಳಿಕೊಟ್ಟವನು ಮಗ. ಹೇಳುತ್ತ ಹೇಳುತ್ತ ಫಲಕದ ಹಳದಿ ಗುಂಡಿಯೊಂದನ್ನು ತೋರಿಸಿದ. ನಿಲ್ಲಿಸುವಾಗ ಎಳೆಯುವ ಗುಂಡಿ. ಅದನ್ನು ಎಳೆದರೆ ಹಿಂದಿನ ಚಕ್ರಗಳ ಚೇಂಬರಿನ ಗಾಳಿ ಹೊರಟುಹೋಗುತ್ತದೆ. ಗಾಳಿ ಹೋದ ಕೂಡಲೇ ಒಳಗಿರುವ ಬಲವಾದ ಸ್ಪ್ರಿಂಗು ಬಿಚ್ಚಿಕೊಂಡು ಚಕ್ರವನ್ನು ಹಿಡಿಯುತ್ತದೆ. ಓಡುವಾಗ ಗಾಳಿಯೆಲ್ಲ ಸೋರಿದರೂ ಹಾಗೆಯೇ. ಒತ್ತಡ 20-40ಕ್ಕೆ ಇಳಿಯುವಷ್ಟರಲ್ಲಿ ಗುಂಡಿ ತಾನೇ ಹೊರಕ್ಕೆ ಚಿಮ್ಮುತ್ತದೆ, ಸ್ಪ್ರಿಂಗು ಹಿಡಿದುಕೊಳ್ಳುತ್ತದೆ. ಗಾಳಿ ಹೋದರೆ ಬ್ರೇಕು ಬೀಳಬೇಕು, ಬಿಡಬಾರದು ಎಂಬ ಈ ತತ್ತ್ವವನ್ನು ರೈಲುಗಳಿಗಾಗಿ 1872ರಲ್ಲಿಯೇ ರೂಪಿಸಿದವನು ಜಾರ್ಜ್ ವೆಸ್ಟಿಂಗ್‌ಹೌಸ್. ಅಲ್ಲಿ ಸ್ಪ್ರಿಂಗಿಲ್ಲ, ವಿಧಾನ ಬೇರೆ, ತತ್ತ್ವ ಅದೇ.

ನಾನು ಸುಮ್ಮನಾಗಿಬಿಟ್ಟೆ. ಮಗ "ಯಾಕಪ್ಪ, ಸುಸ್ತಾಯ್ತಾ?" ಎಂದು ಕೇಳಿದ. ಸುಸ್ತಲ್ಲ. 1998ರ ಒಂದು ಮಧ್ಯಾಹ್ನ ಎದುರಿಗೆ ಬಂದು ನಿಂತಿತ್ತು.

ಹತ್ತನೆಯ ತರಗತಿ. ನಾನು ಪ್ಯಾಸ್ಕಲನ ನಿಯಮ ಹೇಳಿ, ಬ್ರೇಕಿನ ಚಿತ್ರ ಬರೆದಿದ್ದೆ. ಕಿಟಕಿಯ ಪಕ್ಕದ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಬಸ್ಸಲ್ಲಿ ಎಣ್ಣೆ ಅಲ್ಲ, ಗಾಳಿ. ಗಾಳಿ ಎಲ್ಲ ಹೋದ್ರೆ ಬ್ರೇಕ್ ಹಿಡೀತದೋ ಬಿಡ್ತದೋ ಸಾರ್?" ಎಂದ. ಗಾಳಿಯಿಂದ ನಡೆಯುವ ಬ್ರೇಕು ಗಾಳಿ ಇಲ್ಲದೆ ಹೇಗೆ ಹಿಡಿಯುತ್ತದೆ, ಬಿಟ್ಟುಬಿಡುತ್ತದೆ ಎಂದೆ. "ಇಲ್ಲ ಸಾರ್, ಹಿಡ್ಕೊಳ್ತದೆ. ಗಾಡಿ ಅಲ್ಲಾಡಲ್ಲ. ನಮ್ಮಪ್ಪ ಹೇಳಿದ್ರು" ಎಂದ. ಅವನ ತಂದೆ ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಓಡಿಸುತ್ತಿದ್ದವರು. "ಹಾಗಾದರೆ ನಾಳೆಯಿಂದ ನಿಮ್ಮಪ್ಪನೇ ಬಂದು ಪಾಠ ಮಾಡಲಿ, ಕೂತ್ಕೋ" ಎಂದೆ. ತರಗತಿಯೆಲ್ಲ ನಕ್ಕಿತು. ಅವನು ಕುಳಿತ. ಆ ವರ್ಷ ಅವನು ಮತ್ತೊಂದು ಪ್ರಶ್ನೆ ಕೇಳಿದ ನೆನಪಿಲ್ಲ.

ಸಂಜೆ ಮಗನ ಬಳಿ ಇದನ್ನು ಹೇಳಿದೆ. ಅವನು ಆಗ ಅದೇ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದವನು. "ನೀವು ಹೇಳಿದ್ದೂ ಪೂರ್ತಿ ತಪ್ಪಲ್ಲ ಅಪ್ಪ. ಕಾಲಿನ ಬ್ರೇಕು ಸೋಲುತ್ತೆ, ಆಮೇಲೆ ಸ್ಪ್ರಿಂಗು ಹಿಡಿಯುತ್ತೆ" ಎಂದು ಸಮಾಧಾನ ಹೇಳಿದ. ಮಕ್ಕಳು ಹೀಗೆ ಅರ್ಧ ಅಂಕ ಕೊಡುವ ವಯಸ್ಸಿಗೆ ಬರುತ್ತಾರೆ.

ಇನ್ನು ಹುಡುಕಾಟದ ಕತೆ. ಮರುದಿನ ನಾನು ಒಂದು ಸಿಂಪಡಿಸುವ ಬಾಟಲಿಯಲ್ಲಿ ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಬೆರೆಸಿಕೊಂಡು ಸಿದ್ಧನಾದೆ. ಬಾಲ್ಯದಲ್ಲಿ ಸೈಕಲ್ ಷಾಪಿನಲ್ಲಿ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುವುದನ್ನು ನೋಡುತ್ತ ಗಂಟೆಗಟ್ಟಲೆ ನಿಂತವನು ನಾನು. ಬಸ್ಸನ್ನು ತೊಟ್ಟಿಯಲ್ಲಿ ಮುಳುಗಿಸಲಾಗದು, ಅಷ್ಟೇ ವ್ಯತ್ಯಾಸ. (ಅಮೋನಿಯ ಇರುವ ದ್ರಾವಣ ಮಾತ್ರ ಬಳಸಬಾರದು, ಹಿತ್ತಾಳೆಯ ಜೋಡಣೆಗಳು ಅದರಿಂದ ಬಿರುಕು ಬಿಡುತ್ತವೆ.) ಹಿಂದಿನ ಎಡಚಕ್ರದ ಬಳಿ ಕಿವಿಗೊಟ್ಟರೆ ಸಣ್ಣಗೆ 'ಸ್ಸ್' ಎಂದು ಕೇಳುತ್ತಿತ್ತು. ಸದ್ದಿನ ಮೂಲ ನೋಡೋಣವೆಂದು ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ತಲೆ ತೂರಿಸಿದೆ.

"ಅಪ್ಪಾ! ತಲೆ ಹೊರಗೆ ತಗೀರಿ! ಈಗಲೇ!"

ಆ ಬಯಲಿನಲ್ಲಿ ಬೇರೆ ಬೇರೆ ವಾಹನಗಳ ಬಳಿ ಇದ್ದ ಮೂರು ನಾಲ್ಕು ಜನ ತಿರುಗಿ ನೋಡಿದರು. ನನ್ನ ಮಗ ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಹೊರಗೆ ಬಂದೆ. ಅವನ ಮುಖ ಬಿಳಚಿಕೊಂಡಿತ್ತು. ನನಗೆ ಸಿಟ್ಟು ಬಂತು, ಮೊಮ್ಮಗಳ ಎದುರು ಹೀಗೆ ಕೂಗಬೇಕಿತ್ತೇ ಎಂದು. ಬಾಟಲಿಯನ್ನು ನೆಲದ ಮೇಲಿಟ್ಟು ಕಾರಿನಲ್ಲಿ ಹೋಗಿ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವನೇ ಬಂದು, ತಗ್ಗಿದ ದನಿಯಲ್ಲಿ ವಿವರಿಸಿದ. ಗಾಳಿಯ ಮೇಲೆ ನಿಂತ ಬಸ್ಸಿನ ಒಂದು ಕೊಳವೆ ಕಳಚಿದರೂ ಸಾಕು, ಮೂಲೆ ಕ್ಷಣಾರ್ಧದಲ್ಲಿ ಕೆಲವು ಅಂಗುಲ ಕೆಳಗೆ ಕೂರುತ್ತದೆ. ಚಕ್ರದ ಮೇಲಿನ ಸಂದಿ ಮುಚ್ಚಿಹೋಗುತ್ತದೆ. ಹೀಗೆ ಕೆಳಗೆ ನುಗ್ಗಿ ಸತ್ತವರಿದ್ದಾರೆ. ಜಾಕಿನ ಮೇಲೆ ಎತ್ತಿದ್ದರೂ, ಚಾಸಿಯ ಕೆಳಗೆ ಉಕ್ಕಿನ ಸ್ಟ್ಯಾಂಡೋ ದಪ್ಪ ಮರದ ದಿಮ್ಮಿಯೋ ಇಡದೆ ಯಾರೂ ಕೈಯನ್ನು ಸಹ ಒಳಗೆ ಹಾಕಬಾರದು. ಇದನ್ನು ಅವನು ಮೊದಲ ದಿನವೇ ಹೇಳಿದ್ದನಂತೆ. ನಾನು ಆಗ ಕಂಪ್ರೆಸರ್ ನೋಡುವ ಭರದಲ್ಲಿದ್ದೆ. ಪಾಠದ ವೇಳೆ ಕಿಟಕಿಯಾಚೆ ನೋಡುತ್ತಿದ್ದವರಿಗೆ ನಾನು ಏನೇನು ಶಿಕ್ಷೆ ಕೊಟ್ಟಿದ್ದೇನೆಂದು ಅವನಿಗೂ ಗೊತ್ತು.

ಆ ದಿನ ಕೆಲಸ ಅಲ್ಲಿಗೇ ನಿಂತಿತು. ಅವನು ಮುಂದಿನ ಶನಿವಾರ ಮರದ ದಿಮ್ಮಿಗಳನ್ನು ಅಳತೆಗೆ ಕೊಯ್ಯಿಸಿ ತಂದ. ಚಕ್ರಗಳಿಗೆ ಅಡೆ ಕೊಟ್ಟು, ದಿಮ್ಮಿ ಇಟ್ಟು, ತಾನೇ ಬಾಟಲಿ ಹಿಡಿದು ಮಲಗಿದ. ಎತ್ತರದ ವಾಲ್ವಿಗೆ ಬರುವ ನೈಲಾನ್ ಕೊಳವೆಯ ಜೋಡಣೆಯಲ್ಲಿ ನೊರೆ ಎದ್ದಿತು, ಹುಳಿಬಂದ ದೋಸೆಹಿಟ್ಟಿನಂತೆ. ಕೊಳವೆಯ ತುದಿ ಓರೆಯಾಗಿ ಸವೆದಿತ್ತು. ಗಾಳಿ ಇಳಿಸಿ, ತುದಿಯನ್ನು ಕಾಲು ಅಂಗುಲ ನೇರವಾಗಿ ಕತ್ತರಿಸಿ ಮತ್ತೆ ಒತ್ತಿ ಕೂರಿಸಿದ. ಖರ್ಚು ಸೊನ್ನೆ. 600 ಡಾಲರಿನ ಮಾತನ್ನು ಯಾರೂ ಎತ್ತಲಿಲ್ಲ.

ಮೂಲೆ ಮರುದಿನ ಕುಸಿಯಲಿಲ್ಲ. ಇಷ್ಟಕ್ಕೆ ಎಲ್ಲರೂ ಸಂತೋಷಪಟ್ಟು ಹೊರಡುವ ದಿನ ಗೊತ್ತುಮಾಡಿದರು. ನನಗೆ ಮಾತ್ರ ಒಂದು ಅಸಮಾಧಾನ. ಸದ್ದು ಮಾಡಿದ್ದನ್ನು ಹುಡುಕಿದೆವು; ಸದ್ದು ಮಾಡದ್ದು ಇದ್ದರೆ? ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಮಾತನ್ನು ಮಗನಿಗೂ ಹೇಳಿದೆ: ಅಳೆದು ನೋಡು. ಅಲ್ಲಿ ಭಾರಿ ವಾಹನಗಳ ಚಾಲಕರು ಪರವಾನಗಿ ಪಡೆಯುವಾಗ ಮಾಡಿತೋರಿಸಬೇಕಾದ ಪರೀಕ್ಷೆಯೊಂದಿದೆ. ಮಗನಿಗೆ ಪರವಾನಗಿ ಬೇಕಿರಲಿಲ್ಲವಾದ್ದರಿಂದ ಅವನು ಅದನ್ನು ಮಾಡಿರಲಿಲ್ಲ. ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಅಡೆ ಕೊಟ್ಟು, ಪೂರ್ಣ ಒತ್ತಡ ತುಂಬಿಸಿ, ಎಂಜಿನ್ ನಿಲ್ಲಿಸಿ, ಹಳದಿ ಗುಂಡಿಯನ್ನು ಒಳಗೆ ತಳ್ಳಿ ಒಂದು ನಿಮಿಷ ಮುಳ್ಳು ನೋಡಬೇಕು. ಒಂಟಿ ವಾಹನದಲ್ಲಿ ನಿಮಿಷಕ್ಕೆ 2 ಪೌಂಡಿಗಿಂತ ಹೆಚ್ಚು ಇಳಿಯಬಾರದು. ಅನಂತರ ಬ್ರೇಕನ್ನು ಬಲವಾಗಿ ತುಳಿದು ಹಿಡಿದು ಮತ್ತೊಂದು ನಿಮಿಷ. ಆಗ 3 ಪೌಂಡಿಗಿಂತ ಹೆಚ್ಚು ಇಳಿಯಬಾರದು.

ಮೊಮ್ಮಗಳಿಗೆ ಒಂದು ನೋಟ್‌ಬುಕ್ಕು ಕೊಟ್ಟೆ. ನನ್ನ ಕೈಯಲ್ಲಿ ಗಡಿಯಾರ. ಮಗ ಚಾಲಕನ ಆಸನದಲ್ಲಿ. ಬ್ರೇಕ್ ಮುಟ್ಟದಾಗ ಎರಡು ಮುಳ್ಳುಗಳೂ ಕದಲಿದ್ದು ಒಂದೇ ಪೌಂಡು. "ನೋಡಿದಿರಾ, ಪಾಸು" ಎಂದ ಮಗ. ತುಳಿ ಎಂದೆ. ತುಳಿದಾಗ ಮೊದಲು ಎರಡೂ ಒಮ್ಮೆ ಇಳಿದವು. ಅದು ಸಹಜ, ಚೇಂಬರುಗಳು ತುಂಬಬೇಕಲ್ಲ. ಅನಂತರ ಹಿಂಭಾಗದ ಮುಳ್ಳು ಅಲ್ಲಿಯೇ ನಿಂತಿತು. ಮುಂಭಾಗದ ಚಕ್ರಗಳ ಮುಳ್ಳು ನಿಲ್ಲಲಿಲ್ಲ. ಒಂದು ನಿಮಿಷಕ್ಕೆ 6. ಮತ್ತೊಮ್ಮೆ ಮಾಡಿಸಿದೆ. ಮತ್ತೆ 6. ಮೊಮ್ಮಗಳು ಎರಡು ಸಲವೂ ಬರೆದುಕೊಂಡಳು.

ಬ್ರೇಕು ಬಿಟ್ಟಾಗ ಇಲ್ಲದ ಸೋರಿಕೆ, ತುಳಿದಾಗ ಮಾತ್ರ ಇದೆ. ಹಾಗಾದರೆ ಅದು ಟ್ಯಾಂಕಿನಲ್ಲಿಲ್ಲ, ಕಾಲಿನ ವಾಲ್ವಿನಿಂದ ಮುಂದೆ, ಮುಂದಿನ ಎರಡು ಚಕ್ರಗಳ ದಾರಿಯಲ್ಲಿ ಇರಬೇಕು. ನಿಂತ ಬಸ್ಸಿನಲ್ಲಿ ಅದು ಎಂದಿಗೂ ಕಾಣುವುದಿಲ್ಲ. ಓಡುವಾಗ ಕಂಪ್ರೆಸರ್ ತುಂಬುತ್ತಲೇ ಇರುವುದರಿಂದ ಆಗಲೂ ಕಾಣುವುದಿಲ್ಲ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಮತ್ತೆ ಮತ್ತೆ ತುಳಿಯಬೇಕಾಗಿ ಬಂದಾಗಲೇ ಅದು ತನ್ನ ಇರವು ತಿಳಿಸುವುದು. ಮಗ ಮಾತಾಡದೆ ಸ್ಟಿಯರಿಂಗ್ ಹಿಡಿದು ಕುಳಿತಿದ್ದ. ಫೀನಿಕ್ಸ್ ಸುಮಾರು 330 ಮೀಟರ್ ಎತ್ತರದಲ್ಲಿದೆ, ಫ್ಲ್ಯಾಗ್‌ಸ್ಟಾಫ್ 2100. ಅಷ್ಟನ್ನು ಹತ್ತಿ ಹೋದವರು ಅಷ್ಟನ್ನೂ ಇಳಿದು ಬರಬೇಕು. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಆ ಹೆದ್ದಾರಿಯಲ್ಲಿ ಪಕ್ಕಕ್ಕೆ ದಾರಿಯನ್ನೇ ಮಾಡಿಟ್ಟಿದ್ದಾರೆ.

ಬಲಗಡೆಯ ಮುಂದಿನ ಚೇಂಬರಿನ ಮೇಲೆ ನೀರು ಸಿಂಪಡಿಸಿ, ಸೊಸೆಯಿಂದ ಬ್ರೇಕು ತುಳಿಸಿದಾಗ, ಹಿಂಬದಿಯ ಸಣ್ಣ ರಂಧ್ರದಿಂದ ನೊರೆ ಉಕ್ಕಿ ಬಂತು. ಬಿಟ್ಟರೆ ನಿಂತಿತು. ತುಳಿದರೆ ಉಕ್ಕಿತು. ಒಳಗಿನ ಪೊರೆ ಬಿರಿದಿತ್ತು. 19 ವರ್ಷದ ರಬ್ಬರು.

ಇದನ್ನು ನಾವೇ ಬಿಚ್ಚುವ ಸಾಹಸ ಮಾಡಲಿಲ್ಲ. ಲಾರಿಗಳನ್ನು ಇದ್ದಲ್ಲಿಗೇ ಬಂದು ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರು ಸಿಕ್ಕರು. ನನ್ನದೇ ವಯಸ್ಸಿನ ಮೆಕ್ಸಿಕೋ ಮೂಲದವರು. ಮೊಮ್ಮಗಳ ನೋಟ್‌ಬುಕ್ಕನ್ನು ಕನ್ನಡಕ ಏರಿಸಿ ಓದಿ, "ಯಾರು ಅಳೆದದ್ದು?" ಎಂದು ಕೇಳಿದರು. ಮಗ ನನ್ನನ್ನು ತೋರಿಸಿದ. ನನ್ನ ಕೈ ಕುಲುಕಿದರು. ಮುಂದಿನ ಎರಡೂ ಚೇಂಬರುಗಳನ್ನು ಬದಲಿಸಿದರು, ಒಟ್ಟಿಗೆ ಹುಟ್ಟಿದವು ಒಟ್ಟಿಗೇ ಮುಪ್ಪಾಗುತ್ತವೆ ಎಂಬುದು ಅವರ ವಾದ. ಹಿಂದಿನ ಚಕ್ರದ ಚೇಂಬರುಗಳನ್ನು ತೋರಿಸಿ, ಇವುಗಳ ಸ್ಪ್ರಿಂಗಿನ ಕಡೆಯ ಮುಚ್ಚಳವನ್ನು ಎಂದೂ ಬಿಚ್ಚಬೇಡಿ, ಒಳಗಿರುವುದು ಹೊರಗೆ ಹಾರಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಮಗನಿಗೆ ಎರಡೆರಡು ಸಲ ಹೇಳಿದರು. ಅವರು ಹೊರಟ ಮೇಲೆ ಮತ್ತೆ ಅಳೆದೆವು. ತುಳಿದು ಹಿಡಿದ ಒಂದು ನಿಮಿಷಕ್ಕೆ 1.

ಕೊನೆಗೊಂದು ಸಂಶಯ ಉಳಿದಿತ್ತು. ಸಂಜೆ 120 ಇದ್ದ ಮುಳ್ಳು ಬೆಳಿಗ್ಗೆ 112ಕ್ಕೆ ಇಳಿದಿರುತ್ತಿತ್ತು. ಇನ್ನೂ ಎಲ್ಲೋ ಸೋರುತ್ತಿದೆಯೆಂದು ಮಗ ಮತ್ತೆ ಬಾಟಲಿ ತೆಗೆದುಕೊಂಡ. ಇಲ್ಲಿ ಮಾತ್ರ ನನ್ನ ವಿಷಯ ನನ್ನ ಕೈಗೆ ಬಂತು. ಮರುಭೂಮಿಯ ಊರು, ಹಗಲು 27 ಡಿಗ್ರಿ, ಬೆಳಗಿನ ಜಾವ 12. ಮುಚ್ಚಿದ ಪಾತ್ರೆಯ ಅನಿಲದ ಒತ್ತಡ ನಿರಪೇಕ್ಷ ತಾಪಕ್ಕೆ ಅನುಗುಣವಾಗಿ ಇಳಿಯುತ್ತದೆ. 300 ಕೆಲ್ವಿನ್ 285 ಆದರೆ ನೂರಕ್ಕೆ 5 ಇಳಿಕೆ. ಮುಳ್ಳಿನ 120ಕ್ಕೆ ವಾತಾವರಣದ ಒತ್ತಡ ಸುಮಾರು 15 ಕೂಡಿಸಿ ಲೆಕ್ಕಹಾಕಿದರೆ ಸುಮಾರು 7 ಪೌಂಡು ಬರೀ ಚಳಿಯ ಪಾಲು. ಉಳಿದ ಒಂದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಬಸ್ಸಿನ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಮೊಮ್ಮಗಳಿಗೆ ಇದನ್ನು ಹೇಳಿಕೊಟ್ಟೆ. "ಅಜ್ಜ, ಗಾಳಿ ಅಲ್ಲೇ ಇದೆ, ಆದ್ರೆ ಮುದುಡಿಕೊಂಡಿದೆ, ಅಲ್ವಾ?" ಎಂದಳು. ಅನಿಲದ ಅಣುಗಳು ಮುದುಡುವುದಿಲ್ಲ, ವೇಗ ಕಡಿಮೆಯಾಗುತ್ತದೆ. ತಿದ್ದಲು ಬಾಯಿ ತೆರೆದವನು, ಮೊದಲು "ಹೌದು, ಗಾಳಿ ಅಲ್ಲೇ ಇದೆ" ಎಂದೆ. ಅಣುಗಳ ವಿಚಾರ ಆಮೇಲೆ ಹೇಳಿದೆ.

ಊರಿಗೆ ಬಂದ ಮೇಲೆ ಆ ಹುಡುಗನನ್ನು ವಿಚಾರಿಸಿದೆ. ಅವನ ತಂದೆ ನಿವೃತ್ತರಾಗಿ, ಕಾಲವಾಗಿ ಕೆಲವು ವರ್ಷಗಳಾದವಂತೆ. ಅವನು ಹಾಸನದ ಕಡೆ ಎಲ್ಲೋ ಇದ್ದಾನೆ ಎಂದರು ಕೆಲವರು, ಮಂಗಳೂರು ಎಂದರು ಕೆಲವರು. ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ. ಓದಿದರೆ ಅವನಿಗೇ ತಿಳಿಯುತ್ತದೆ. ಅಂದು ನೀನು ಹೇಳಿದ್ದು ಸರಿಯಪ್ಪ. ನಿಮ್ಮ ತಂದೆಯವರು ಹೇಳಿದ್ದು ಸರಿ.

ಪ್ರವಾಸ ಏಪ್ರಿಲಿನಲ್ಲಿ ನಡೆಯಿತು. ಮಗ ಇಳಿಜಾರಿನಲ್ಲೆಲ್ಲ ಗೇರು ತಗ್ಗಿಸಿ, ಎಂಜಿನ್ನಿನ ಹಿಡಿತದಲ್ಲೇ ಇಳಿಸಿದ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ನಮ್ಮ ಘಾಟಿಯ ಚಾಲಕರ ಮಾತನ್ನು ನಾನು ಹೇಳಬೇಕಾಗಲಿಲ್ಲ. ಕ್ಯಾನಿಯನ್ನಿನ ದಕ್ಷಿಣ ಅಂಚಿನಲ್ಲಿ ಎರಡು ರಾತ್ರಿ ತಂಗಿದೆವು. ಬೆಳಿಗ್ಗೆ ಏಳುವಷ್ಟರಲ್ಲಿ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿತ್ತು. ಎಲ್ಲರೂ ಸೂರ್ಯೋದಯ ನೋಡಲು ಓಡಿದಾಗ ಮೊಮ್ಮಗಳು ಸ್ವೆಟರಿನೊಳಗೆ ಕೈ ಎಳೆದುಕೊಂಡು ಚಾಲಕನ ಆಸನದಲ್ಲಿ ಕುಳಿತು ಏನೋ ಬರೆಯುತ್ತಿದ್ದಳು. ಹಿಂದಿನ ಸಂಜೆ 119, ಈಗ 110. ಪಕ್ಕದಲ್ಲಿ ಇಂಗ್ಲಿಷಿನಲ್ಲಿ, ಸೋರಿಕೆ ಅಲ್ಲ, ಚಳಿ ಎಂದು ಬರೆದಿದ್ದಳು.